ಅಣುಗಳ ಓಟ: ಅಡುಗೆಮನೆಯಲ್ಲೊಂದು ವಿಜ್ಞಾನ ಪಾಠ

ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ವೈದ್ಯನಲ್ಲದ, ವಿಜ್ಞಾನದ ಪದವೀಧರನೂ ಅಲ್ಲದ ಒಬ್ಬ ಬ್ಯಾಂಕ್ ಅಧಿಕಾರಿ ಲೇಖನಿ ಹಿಡಿದಿರುವುದು ಓದುಗರಿಗೆ ಸೋಜಿಗವೆನಿಸಬಹುದು. ವಾಣಿಜ್ಯಶಾಸ್ತ್ರವನ್ನು ಓದಿ, ಜಮಾ-ಖರ್ಚಿನ ಲೆಕ್ಕದಲ್ಲಿಯೇ ಇಪ್ಪತ್ತು ವರ್ಷ ಕಳೆದ ನನಗೆ ಘನ, ದ್ರವ, ಅನಿಲಗಳ ವಿಚಾರವಾಗಿ ಬರೆಯುವ ಅಧಿಕಾರ ಎಷ್ಟರಮಟ್ಟಿಗೆ ಇದೆಯೆಂಬುದನ್ನು ನಾನು ಬಲ್ಲೆ. ಆದರೆ ಮನೆಯಲ್ಲಿ ನಡೆದ ಒಂದು ಅವಘಡ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ಅದರಿಂದ ಕಲಿತದ್ದು ನನ್ನಂಥ ಇತರ ತಂದೆ-ತಾಯಂದಿರಿಗೂ ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅಂದು ಚೌತಿ. ಕರಾವಳಿಯ ಮನೆಗಳ ರೂಢಿಯಂತೆ ಮುಂಬಯಿಯ ನಮ್ಮ ಪುಟ್ಟ ಅಡುಗೆಮನೆಯಲ್ಲಿಯೂ ಕಡುಬು ಬೇಯುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ತಾಯಿಗೆ ನೆರವಾಗಲೆಂದು ಒಲೆಯ ಮೇಲೆ ಬಾಗಿ ಪಾತ್ರೆಯ ಮುಚ್ಚಳವನ್ನು ತನ್ನ ಕಡೆಗೇ ಎತ್ತಿದಳು. ಒಳಗಿದ್ದ ಹಬೆ ಒಮ್ಮೆಲೇ ನುಗ್ಗಿ ಅವಳ ಮುಂಗೈಯಿಂದ ಮೊಣಕೈಯವರೆಗೆ ಬಡಿಯಿತು. ಗಾಬರಿಯಲ್ಲಿ ನಾನು ಕೈಗೆ ಸಿಕ್ಕ ಟೂತ್‌ಪೇಸ್ಟನ್ನು ಆ ಚರ್ಮದ ಮೇಲೆ ಬಳಿದೆ. ಹತ್ತಿರದ ವೈದ್ಯರು ಆ ಲೇಪವನ್ನು ತೊಳೆದು ತೆಗೆಯುತ್ತ ನನ್ನನ್ನು ಗದರಿಸಿದರು. ಅದು ನನಗೆ ಸಲ್ಲತಕ್ಕದ್ದೇ ಆಗಿತ್ತು. ಗಾಯ ಮಾಯಲು ಮೂರು ವಾರ ಹಿಡಿಯಿತು.

ನನ್ನನ್ನು ಚಿಂತೆಗೀಡುಮಾಡಿದ ಸಂಗತಿ ಇನ್ನೊಂದಿತ್ತು. ಅದಕ್ಕೆ ಕೆಲವೇ ದಿನಗಳ ಹಿಂದೆ ಶಾಲೆಯ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಕುದಿಯುವ ನೀರು, ಹಬೆ ಇವೆರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ, ಏಕೆ? ಮಗಳು 'ಹಬೆ, ಅದರಲ್ಲಿ ಗುಪ್ತೋಷ್ಣವಿರುವುದರಿಂದ' ಎಂದು ಇಂಗ್ಲಿಷಿನಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದಳು. ಕಾಗದದ ಮೇಲೆ ಬಂದ ಉತ್ತರ ಕೈಗೆ ಏಕೆ ಬರಲಿಲ್ಲ?

ಉತ್ತರವಿದ್ದರೂ ಅರಿವಿಲ್ಲ

ಗಾಯ ಆರಿದ ಮೇಲೆ ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಕೇಳಿದೆ. 'ಕುದಿಯುವ ನೀರಿನಲ್ಲಿ ಗುಳ್ಳೆಗಳು ಏಳುತ್ತವಲ್ಲ, ಅವುಗಳೊಳಗೆ ಏನಿದೆ?'

'ಗಾಳಿ, ಅಪ್ಪ.'

'ಹಬೆಯ ಕಣಗಳ ನಡುವೆ ಏನಿದೆ?'

'ಅಲ್ಲಿಯೂ ಗಾಳಿಯೇ ಇರಬೇಕು.'

ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಎರಡೂ ತಪ್ಪು. ನೀರು ಬಿಸಿಯಾಗತೊಡಗಿದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಮೊದಲ ಸಣ್ಣ ಗುಳ್ಳೆಗಳಲ್ಲಿರುವುದು ನೀರಿನಲ್ಲಿ ಕರಗಿದ್ದ ಗಾಳಿ, ನಿಜ. ಆದರೆ ಕೊತಕೊತನೆ ಕುದಿಯುವಾಗ ತಳದಿಂದ ಏಳುವ ದೊಡ್ಡ ಗುಳ್ಳೆಗಳಲ್ಲಿರುವುದು ನೀರೇ, ಅನಿಲರೂಪದ ನೀರು. ಅದರ ಅಣುಗಳ ನಡುವೆ ಇರುವುದು ಏನೂ ಇಲ್ಲದ ಬರಿಯ ಜಾಗ.

ಈ ತಪ್ಪು ನಮ್ಮ ಮನೆಯದಷ್ಟೇ ಅಲ್ಲವೆಂಬುದು ಮುಂದೆ ಓದುತ್ತ ತಿಳಿಯಿತು. ಇಸ್ರೇಲಿನ ನೋವಿಕ್ ಮತ್ತು ನುಸ್‌ಬೌಮ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಸೆಯೊಂದರಿಂದ ಸ್ವಲ್ಪ ಗಾಳಿಯನ್ನು ಹೊರಗೆಳೆದು, ಉಳಿದ ಗಾಳಿ ಹೇಗಿದೆಯೆಂಬುದನ್ನು ಚಿತ್ರಿಸಲು ವಿದ್ಯಾರ್ಥಿಗಳಿಗೆ ಹೇಳಿದರು. ಕಣಗಳ ನಡುವೆ ಶೂನ್ಯವಿದೆಯೆಂಬ ಮಾತನ್ನು ಒಪ್ಪಿಕೊಳ್ಳುವುದು ಅನೇಕ ಮಕ್ಕಳಿಗೆ ಕಷ್ಟವಾಯಿತು. 1983ರಲ್ಲಿ ನ್ಯೂಜಿಲೆಂಡಿನ ಆಸ್‌ಬಾರ್ನ್ ಮತ್ತು ಕಾಸ್‌ಗ್ರೋವ್ ಕುದಿಯುವ ನೀರಿನ ಗುಳ್ಳೆಗಳ ಬಗೆಗೇ ಮಕ್ಕಳನ್ನು ಪ್ರಶ್ನಿಸಿದರು. ಗಾಳಿ, ಶಾಖ, ಆಮ್ಲಜನಕ-ಜಲಜನಕ ಎಂದು ನಾನಾ ಉತ್ತರಗಳು ಬಂದವು.

ಇದಕ್ಕಾಗಿ ಮಕ್ಕಳನ್ನು ದೂರುವಂತಿಲ್ಲ. ಅಣು-ಪರಮಾಣುಗಳ ಇರವನ್ನು ಮಹಾವಿದ್ವಾಂಸರೇ ಬಹುಕಾಲ ಒಪ್ಪಿರಲಿಲ್ಲ. ನಮ್ಮ ಕಣಾದ ಮಹರ್ಷಿಯೂ ಗ್ರೀಕರ ಡೆಮಾಕ್ರಿಟಸನೂ ಕಂಡದ್ದು ತರ್ಕದ ಕಣ್ಣಿಗೆ ತೋರಿದ ಅಣು. ಅಳತೆಗೆ ಸಿಕ್ಕ ಅಣುವಿನ ಕಥೆ ಬೇರೆ. ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳು ಕಾರಣವಿಲ್ಲದೆ ಅತ್ತಿತ್ತ ಕುಣಿಯುವುದನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ಗಮನಿಸಿದ. ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಗಳಿಂದಲೂ ತಳ್ಳುವುದೇ ಈ ಕುಣಿತಕ್ಕೆ ಕಾರಣವೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಫ್ರಾನ್ಸಿನ ಜೀನ್ ಪೆರಿನ್ ಅದನ್ನು ಅಳೆದು ನೋಡಿ ಸ್ಥಿರಪಡಿಸಿದರು ಮತ್ತು 1926ರ ನೊಬೆಲ್ ಪಾರಿತೋಷಕ ಪಡೆದರು. ಅದುವರೆಗೆ ಅಣುವನ್ನು ಅಲ್ಲಗಳೆಯುತ್ತಿದ್ದ ರಸಾಯನಶಾಸ್ತ್ರಜ್ಞ ಆಸ್ಟ್‌ವಾಲ್ಡ್ ಕೂಡ ಇಂಥ ಪ್ರಯೋಗಗಳ ಬಳಿಕವೇ ಮನಸ್ಸು ಬದಲಾಯಿಸಿದ್ದು. ಇಂಥವರಿಗೇ ಇಷ್ಟು ಕಾಲ ಬೇಕಾಗಿರುವಾಗ, ನಲವತ್ತು ನಿಮಿಷಗಳ ಒಂದು ಪಾಠದಲ್ಲಿ ಹದಿಮೂರರ ಮಗು ಅದನ್ನು ನಂಬಿಬಿಡಬೇಕೆಂದರೆ ಹೇಗೆ?

ಮನಸ್ಸಿನಲ್ಲಿ ಮೂಡಬೇಕಾದ ಚಿತ್ರ

ಮಕ್ಕಳಿಗೆ ಬೇಕಾದದ್ದು ವ್ಯಾಖ್ಯೆಗಿಂತ ಮೊದಲು ಒಂದು ಚಿತ್ರ. 18 ಗ್ರಾಂ ನೀರು, ಎಂದರೆ ಮೂರೂವರೆ ಚಹಾ ಚಮಚೆಯಷ್ಟು, ತೆಗೆದುಕೊಂಡರೆ ಅದರಲ್ಲಿರುವ ಅಣುಗಳ ಸಂಖ್ಯೆ ಸುಮಾರು 6ರ ಮುಂದೆ 23 ಸೊನ್ನೆಗಳು. ಯಾವ ಬ್ಯಾಂಕಿನ ಲೆಡ್ಜರಿನಲ್ಲಿಯೂ ಹಿಡಿಸದ ಮೊತ್ತ. ಈ ಅಣುಗಳಲ್ಲಿ ಒಂದೂ ಸುಮ್ಮನೆ ನಿಂತಿಲ್ಲ. ಮಂಜುಗಡ್ಡೆಯಲ್ಲಿ ಅವು ತಮ್ಮ ತಮ್ಮ ಸ್ಥಾನ ಬಿಡದೆ ನಡುಗುತ್ತಿರುತ್ತವೆ. ನೀರಿನಲ್ಲಿ ಒಂದನ್ನೊಂದು ಒತ್ತಿಕೊಂಡೇ ಜಾಗ ಬದಲಾಯಿಸುತ್ತಿರುತ್ತವೆ. ಹಬೆಯಲ್ಲಿ ಪರಸ್ಪರರ ಹಿಡಿತದಿಂದ ಬಿಡಿಸಿಕೊಂಡು ಸಿಕ್ಕ ಕಡೆಗೆ ಓಡುತ್ತವೆ.

ಮುಂಬಯಿಯವರಿಗೆ ಇದನ್ನು ತಿಳಿಸುವುದು ಸುಲಭ. ಸಂಗೀತ ಸಭೆಯಲ್ಲಿ ಕುರ್ಚಿ ಬಿಡದೆ ತಲೆದೂಗುವ ಶ್ರೋತೃಗಳು ಘನ. ಸಂಜೆ ದಾದರ್ ನಿಲ್ದಾಣದ ಸೇತುವೆಯ ಮೇಲೆ ಮೈಗೆ ಮೈ ತಾಗಿಸಿಕೊಂಡೇ ಸರಿಯುವ ಜನಸಂದಣಿ ದ್ರವ. ಶಿವಾಜಿ ಪಾರ್ಕಿನಲ್ಲಿ ಬಿಟ್ಟ ಮಕ್ಕಳು ಅನಿಲ. ಮೂರು ಕಡೆಗಳಲ್ಲಿಯೂ ಇರುವವರು ಅದೇ ಜನ, ಬದಲಾದದ್ದು ಅವರ ಚಲನೆ ಮತ್ತು ಅವರ ನಡುವಿನ ಅಂತರ ಮಾತ್ರ. ನೀರಿನ ಅಣು ತಾನೇ ಕರಗುವುದಿಲ್ಲ, ಕುದಿಯುವುದಿಲ್ಲ, ಹಿಗ್ಗುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಪಾಠದ ಮುಕ್ಕಾಲು ಪಾಲು ಇಳಿದಂತೆ.

ಇಲ್ಲಿ ಎರಡು ಎಚ್ಚರಿಕೆಗಳು. ಅನೇಕ ಪುಸ್ತಕಗಳ ಚಿತ್ರಗಳಲ್ಲಿ ದ್ರವದ ಕಣಗಳನ್ನು ದೂರದೂರ ಬಿಡಿಸಿರುತ್ತಾರೆ. ಅದು ಸರಿಯಲ್ಲ. ದ್ರವದ ಅಣುಗಳು ಘನದ ಅಣುಗಳಷ್ಟೇ ಒತ್ತಾಗಿರುತ್ತವೆ. ನೀರಿನಲ್ಲಂತೂ ವಿಚಾರ ತಿರುಗಾಮುರುಗಾ. ಹೆಪ್ಪುಗಟ್ಟುವಾಗ ಅಣುಗಳು ಒಂದು ವ್ಯವಸ್ಥೆಗೆ ಒಳಗಾಗಿ ನಡುವೆ ಹೆಚ್ಚು ಜಾಗ ಬಿಟ್ಟುಕೊಳ್ಳುವುದರಿಂದ ಗಾತ್ರ ಶೇಕಡ 9ರಷ್ಟು ಹೆಚ್ಚುತ್ತದೆ. ಆದಕಾರಣ ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ತುಂಬಿದ ಗಾಜಿನ ಸೀಸೆಯನ್ನು ಫ್ರೀಜರಿನಲ್ಲಿಟ್ಟರೆ ಒಡೆಯುತ್ತದೆ. ನಿಜವಾಗಿ ದೂರವಾಗುವುದು ಅನಿಲದಲ್ಲಿ. ಒಂದು ಲೀಟರು ನೀರು ಕುದಿದು ಪೂರ್ಣ ಹಬೆಯಾದರೆ ಸುಮಾರು 1,670 ಲೀಟರು ಜಾಗ ಬೇಕು. ಅಣು-ಅಣುಗಳ ನಡುವಿನ ಅಂತರ ಸರಾಸರಿ ಹನ್ನೆರಡು ಪಟ್ಟಾಯಿತೆಂದು ಅರ್ಥ.

ರವಿವಾರದ ವರ್ಗದಲ್ಲಿ

ನಮ್ಮ ಸಂಘದ ರವಿವಾರದ ಕನ್ನಡ ವರ್ಗಕ್ಕೆ ಬರುವ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳೊಡನೆ ಇದನ್ನು ಪ್ರಯೋಗಿಸಿ ನೋಡಿದೆ. ಬೇಕಾದ ಸಾಮಗ್ರಿ ಅತ್ಯಲ್ಪ.

ಮೊದಲನೆಯದು ಸೂಜಿಯಿಲ್ಲದ ಹೊಸ ಸಿರಿಂಜ್. ಗಾಳಿ ಎಳೆದುಕೊಂಡು ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ದಂಡ ಒಳಕ್ಕೆ ಸರಿಯುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ. ನೀರು ತುಂಬಿ ಒತ್ತಿದರೆ ಕದಲುವುದಿಲ್ಲ. ಗಾಳಿಯಲ್ಲಿ ಖಾಲಿ ಜಾಗವುಂಟು, ನೀರಿನಲ್ಲಿ ಹೆಚ್ಚಿಲ್ಲ ಎಂಬುದನ್ನು ಹೆಬ್ಬೆರಳೇ ಹೇಳುತ್ತದೆ. ಎನ್.ಸಿ.ಇ.ಆರ್.ಟಿ. 2006ರಲ್ಲಿ ಹೊರತಂದ ಒಂಬತ್ತನೆಯ ತರಗತಿಯ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಈ ಪ್ರಯೋಗವಿತ್ತು. ಆದರೆ ಅಂದು ನನ್ನ ಮುಂದೆ ಕುಳಿತಿದ್ದ ಮಕ್ಕಳಲ್ಲಿ ಅದನ್ನು ಕೈಯಾರೆ ಮಾಡಿದ್ದವರು ಒಬ್ಬರೂ ಇರಲಿಲ್ಲ.

ಎರಡನೆಯದು ಎರಡು ಗಾಜಿನ ಲೋಟ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು. ಕಲಕದೆ ಎರಡಕ್ಕೂ ಒಂದೊಂದು ತೊಟ್ಟು ಶಾಯಿ. ಬಿಸಿನೀರಿನಲ್ಲಿ ಬಣ್ಣ ಬೇಗ ಹರಡುತ್ತದೆ. ತಾಪಮಾನವೆಂದರೆ ಅಣುಗಳ ಚಲನೆಯ ಅಳತೆಯೆಂಬ ಮಾತಿಗೆ ಇದು ಸಾಕ್ಷಿ.

ಮೂರನೆಯದು ಆಟ. ಹನ್ನೆರಡು ಮಕ್ಕಳು ಸಾಲಾಗಿ ಕೈಹಿಡಿದು ನಿಂತಲ್ಲೇ ಅಲುಗಾಡಬೇಕು. ನಾನು 'ಶಾಖ' ಎಂದಾಗ ಕೈಬಿಟ್ಟು, ಆದರೆ ಭುಜ ತಾಗಿಸಿಕೊಂಡೇ, ಜಾಗ ಬದಲಿಸಬೇಕು. ಇನ್ನೊಮ್ಮೆ 'ಶಾಖ' ಎಂದಾಗ ಇಡೀ ಸಭಾಗೃಹದಲ್ಲಿ ಓಡಬೇಕು. ಗದ್ದಲವೇನೋ ಆಯಿತು. ಆದರೆ ಆಟ ಮುಗಿದ ಮೇಲೆ ಆರನೆಯ ತರಗತಿಯ ಒಬ್ಬ ಪುಟ್ಟ ಹುಡುಗ, ಅಣ್ಣನ ಜೊತೆ ಬಂದಿದ್ದವನು, ಒಂದು ಪ್ರಶ್ನೆ ಕೇಳಿದ: 'ಮಾಮ, ನಾವೆಲ್ಲ ಓಡುವಾಗ ನಡುವೆ ಏನೂ ಇರಲಿಲ್ಲವಲ್ಲ?' ನನ್ನ ಮಗಳಿಗೆ ಪುಸ್ತಕ ಕಲಿಸಲಾರದ್ದನ್ನು ಆಟ ಅವನಿಗೆ ಕಲಿಸಿತ್ತು.

ಗುಪ್ತೋಷ್ಣದ ಜಮಾ-ಖರ್ಚು

ಈಗ ಹಬೆಯ ವಿಚಾರಕ್ಕೆ ಬರೋಣ. ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಒಲೆ ಉರಿಯುತ್ತಲೇ ಇದ್ದರೂ ತಾಪಮಾನ ಏರುವುದಿಲ್ಲ. ಹಾಗಾದರೆ ಆ ಶಾಖವೆಲ್ಲ ಎಲ್ಲಿ ಹೋಯಿತು? ಅಣುಗಳನ್ನು ಪರಸ್ಪರರ ಸೆಳೆತದಿಂದ ಬಿಡಿಸುವುದಕ್ಕೆ ವೆಚ್ಚವಾಯಿತು. ಒಂದು ಗ್ರಾಂ ನೀರಿಗೆ ಈ ವೆಚ್ಚ ಸುಮಾರು 540 ಕ್ಯಾಲೊರಿ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಇದು ಉಳಿತಾಯ ಖಾತೆಯಲ್ಲಿ ಕಾಣಿಸದ ಠೇವಣಿ. ಹಬೆ ಮತ್ತೆ ನೀರಾಗುವ ಕ್ಷಣದಲ್ಲಿ ಠೇವಣಿಯಷ್ಟೂ ಒಮ್ಮೆಗೇ ಹಿಂದೆ ಬರುತ್ತದೆ. ದುರ್ದೈವದಿಂದ ಅಂದು ಅದನ್ನು ಪಡೆದುಕೊಂಡದ್ದು ಮಗಳ ತೋಳು.

ಲೆಕ್ಕ ನೋಡಿ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ ಬಿದ್ದು ಮೈಯ ಶಾಖವಾದ 37 ಡಿಗ್ರಿಗೆ ಇಳಿದರೆ 63 ಕ್ಯಾಲೊರಿ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಹಬೆಯಾದರೋ 540ನ್ನೂ 63ನ್ನೂ ಸೇರಿಸಿ 603 ಕ್ಯಾಲೊರಿ, ಒಂಬತ್ತು ಪಟ್ಟಿಗೂ ಹೆಚ್ಚು. ಇನ್ನೊಂದು ಅಪಾಯವೂ ಉಂಟು. ನಾವು ಕಣ್ಣಿನಿಂದ ಕಾಣುವ ಬಿಳಿಯ ಹಬೆ ನಿಜವಾಗಿ ಅನಿಲವಲ್ಲ, ಆಗಲೇ ತಣಿದು ಹನಿಗಟ್ಟಿದ ಅತಿ ಸಣ್ಣ ನೀರಹನಿಗಳು. ಅನಿಲರೂಪದ ನೀರು ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ಕೆಟ್ಲಿನ ಮೂತಿಗೂ ಬಿಳಿಯ ಹಬೆಗೂ ನಡುವೆ ಬರಿದಾಗಿ ಕಾಣುವ ಆ ಸ್ಥಳವೇ ಎಲ್ಲಕ್ಕಿಂತ ಹೆಚ್ಚು ಸುಡತಕ್ಕದ್ದು. ಪ್ರೆಷರ್ ಕುಕ್ಕರಿನ ಒಳಗೆ ಒತ್ತಡ ಹೆಚ್ಚಿರುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಒತ್ತಡ ತಾನಾಗಿ ಇಳಿಯುವ ಮೊದಲು ಅದರ ಮುಚ್ಚಳ ತೆಗೆಯುವುದು ಎಂಥ ಸಾಹಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಬೆ ಅಥವಾ ಬಿಸಿನೀರು ತಾಗಿದರೆ ಕೂಡಲೇ ಮಾಡಬೇಕಾದದ್ದು, ಆ ಭಾಗವನ್ನು ನಲ್ಲಿಯ ಹರಿಯುವ ತಂಪು ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದು. ಚರ್ಮದೊಳಗೆ ಸೇರಿದ ಶಾಖವನ್ನು ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ. ಊತ ಬರುವ ಮೊದಲು ಬಳೆ, ಉಂಗುರ ತೆಗೆಯಬೇಕು. ಮಂಜುಗಡ್ಡೆ, ತುಪ್ಪ, ಶಾಯಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಕೂಡದು. ಬೊಬ್ಬೆಗಳನ್ನು ಒಡೆಯಕೂಡದು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರ ಬಳಿಗೆ ಹೋಗಬೇಕು.

ಬೆವರು ಆರುವ ವಿಚಾರ

ಸುಡುವ ಅದೇ ಗುಪ್ತೋಷ್ಣ ನಮ್ಮನ್ನು ಕಾಪಾಡುತ್ತಲೂ ಇದೆ. ದ್ರವದಲ್ಲಿ ಎಲ್ಲ ಅಣುಗಳ ವೇಗವೂ ಒಂದೇ ಅಲ್ಲ. ಮೇಲ್ಮೈಯಲ್ಲಿರುವ ಅತಿ ಚುರುಕಾದ ಅಣುಗಳು ಕುದಿಯುವವರೆಗೆ ಕಾಯದೆ ಹಾರಿಹೋಗುತ್ತವೆ. ಉಳಿದವುಗಳ ಸರಾಸರಿ ವೇಗ ತಗ್ಗುವುದರಿಂದ ದ್ರವ ತಣಿಯುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ, ಚುಚ್ಚುಮದ್ದಿಗೆ ಮುನ್ನ ಸ್ಪಿರಿಟ್ ಸವರಿದ ಚರ್ಮ ತಣ್ಣಗೆನ್ನಿಸುವುದೂ, ಬೆವರು ಮೈಯನ್ನು ತಣಿಸುವುದೂ ಇದೇ ರೀತಿಯಲ್ಲಿ. ಒಂದು ಲೀಟರು ಬೆವರು ಪೂರ್ಣ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ.

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಅನುಕೂಲವಿದೆ. ಬಟ್ಟೆ ಆರಿತು ಎನ್ನುತ್ತೇವೆ, ಕಾಫಿ ಆರಿತು ಎಂದೂ ಎನ್ನುತ್ತೇವೆ. ಒಣಗುವುದಕ್ಕೂ ತಣಿಯುವುದಕ್ಕೂ ಒಂದೇ ಕ್ರಿಯಾಪದ. ನಮ್ಮ ಹಿರಿಯರಿಗೆ ಗುಪ್ತೋಷ್ಣ ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ಆದರೆ 'ಬೆವರು ಆರಿಸಿಕೊ' ಎಂದು ಅಜ್ಜಿ ಹೇಳುತ್ತಿದ್ದ ಮಾತಿನಿಂದ ಪಾಠ ಆರಂಭಿಸಿದರೆ ಮಗು ಒಣಗುವುದನ್ನೂ ತಂಪಾಗುವುದನ್ನೂ ಒಟ್ಟಿಗೇ ಹಿಡಿಯುತ್ತದೆ.

ಆದರೆ ಬೆವರು ಹರಿದರೆ ಸಾಲದು, ಆರಬೇಕು. ಬ್ಯಾಂಕಿನ ವರ್ಗಾವಣೆಯಿಂದ ಮೂರು ವರ್ಷ ದೆಹಲಿಯಲ್ಲಿದ್ದಾಗ, ಮೇ ತಿಂಗಳ ಒಣಬಿಸಿಲಿನಲ್ಲಿ ನೀರಿನ ಕೂಲರು ಕೋಣೆಯನ್ನು ತಂಪಾಗಿಡುವುದನ್ನು ಕಂಡು ಬೆರಗಾಗಿದ್ದೆ. ಜುಲೈಯಲ್ಲಿ ಮಳೆ ಬಂದ ಮೇಲೆ ಅದೇ ಕೂಲರು ನಿಷ್ಪ್ರಯೋಜಕವಾಯಿತು. ಗಾಳಿಯಲ್ಲಿ ಆಗಲೇ ನೀರಿನ ಅಣುಗಳು ತುಂಬಿದ್ದರೆ, ಹಾರಿಹೋದಷ್ಟೇ ಅಣುಗಳು ಹಿಂದಿರುಗಿ ಬರುತ್ತಿರುತ್ತವೆ. ಮುಂಬಯಿ, ಚೆನ್ನೈಗಳಂಥ ಕಡಲತೀರದ ನಗರಗಳಲ್ಲಿ ತಾಪಮಾನ ದೆಹಲಿಗಿಂತ ಕಡಿಮೆಯಿದ್ದರೂ ಸೆಕೆ ಅಸಹನೀಯವಾಗುವುದು ಈ ಕಾರಣದಿಂದ. 'ಇಲ್ಲಿ ದೆಹಲಿಯಷ್ಟು ಬಿಸಿಲಿಲ್ಲ' ಎಂಬ ಧೈರ್ಯ ತಕ್ಕದ್ದಲ್ಲ. ವೃದ್ಧರು, ಹಸುಳೆಗಳು, ಬಿಸಿಲಿನಲ್ಲಿ ದುಡಿಯುವವರು ಆಗಾಗ ನೀರು ಕುಡಿಯುತ್ತ, ಗಾಳಿಯಾಡುವ ಕಡೆ ವಿಶ್ರಾಂತಿ ಪಡೆಯಬೇಕು. ಮೈಶಾಖ 40 ಡಿಗ್ರಿಗೆ ಏರಿ, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯನ್ನು ನೀರಿನಿಂದ ತೋಯಿಸಿ ಬೀಸುತ್ತ, 112 ಅಥವಾ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ವಾಸನೆ ಎಂಬ ಎಚ್ಚರಿಕೆ

ಕೋಣೆಯ ಗಾಳಿಯ ಅಣುಗಳು ಸರಾಸರಿ ಗಂಟೆಗೆ 1,600 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿವೆ. ಹಾಗಿದ್ದೂ ದೇವರ ಕೋಣೆಯಲ್ಲಿ ಹಚ್ಚಿದ ಊದಿನಕಡ್ಡಿಯ ಪರಿಮಳ ಪಡಸಾಲೆಗೆ ಬರಲು ಹೊತ್ತು ಹಿಡಿಯುವುದೇಕೆ? ಪ್ರತಿಯೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ನೆರೆಯ ಅಣುಗಳಿಗೆ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಚರ್ಚ್‌ಗೇಟಿನ ಜನಜಂಗುಳಿಯಲ್ಲಿ ಅವಸರದವನು ಎಷ್ಟು ಜೋರಾಗಿ ನಡೆದರೂ ಮುಂದೆ ಸಾಗದಂತೆ.

ಇದರಲ್ಲಿಯೂ ಪ್ರಾಣರಕ್ಷಣೆಯ ಪಾಠವಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಸಿಲಿಂಡರಿನೊಳಗೆ ಅದು ಒತ್ತಡದಿಂದ ದ್ರವವಾಗಿರುತ್ತದೆ, ಹೊರಬಂದರೆ ಗಾತ್ರ ಇನ್ನೂರು ಪಟ್ಟಿಗೂ ಹೆಚ್ಚಾಗುತ್ತದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ವಾಸನೆ ಬಂದೊಡನೆ ರೆಗ್ಯುಲೇಟರು ಅಥವಾ ಕೊಳವೆಯ ಕೀಲಿ ಮುಚ್ಚಿ, ಬಾಗಿಲು-ಕಿಟಕಿ ತೆರೆದು, ವಿದ್ಯುತ್ತಿನ ಯಾವ ಗುಂಡಿಯನ್ನೂ ಹಾಕದೆ, ಆರಿಸದೆ ಹೊರಗೆ ಬರಬೇಕು. ಸಿಲಿಂಡರಿನ ಸೋರಿಕೆಗೆ 1906 ಎಂಬ ಸಹಾಯವಾಣಿ ಇದೆ. ಹೊರಗೆ ಬಂದ ಮೇಲೆಯೇ ಅದಕ್ಕೆ ಕರೆ ಮಾಡಬೇಕು.

ತಾಯ್ನುಡಿಯ ನೆರವು

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳುವುದೇಕೆ ಎಂದು ಕೆಲವರು ಕೇಳಬಹುದು. ಪರೀಕ್ಷೆಯ ಉತ್ತರ ಇಂಗ್ಲಿಷಿನಲ್ಲಿಯೇ ಇರಲಿ. ಆದರೆ ಆವಿ, ಹಬೆ, ಮಂಜು, ಇಬ್ಬನಿ, ಹೆಪ್ಪು, ಇಂಗು, ಆರು ಮುಂತಾದ ಮಾತುಗಳು ಮಗುವಿಗೆ ಅಡುಗೆಮನೆಯಲ್ಲಿ ಕೈಯಿಂದ ಮುಟ್ಟಿದ ಅನುಭವದೊಡನೆ ಬಂದವು. ಕನ್ನಡಕ್ಕೆ ವಿಜ್ಞಾನ ಹೊಸದೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಹೊರತಂದದ್ದು 1936ರಲ್ಲಿ. ಆ ಹಿರಿಯರು ಕಟ್ಟಿಕೊಟ್ಟ ಮಾತುಗಳನ್ನು ಹೊರನಾಡಿನ ನಾವು ಹಬ್ಬ-ಹರಿದಿನಗಳಿಗೆ ಮಾತ್ರ ಮೀಸಲಿಡುವುದು ನ್ಯಾಯವಲ್ಲ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟು. ಮಗು ವ್ಯಾಖ್ಯೆ ಒಪ್ಪಿಸಿದಾಗ ತೃಪ್ತರಾಗದೆ ಒಂದು ಚಿತ್ರ ಬಿಡಿಸಲು ಹೇಳಿ. ಗುಳ್ಳೆಯಲ್ಲಿ ಏನಿದೆ, ಬಟ್ಟೆಯ ನೀರು ಎಲ್ಲಿ ಹೋಯಿತು, ತಣ್ಣನೆಯ ಲೋಟದ ಹೊರಮೈಯಲ್ಲಿ ಹನಿ ಎಲ್ಲಿಂದ ಬಂತು ಎಂದು ಕೇಳಿ. ನಿಮಗೆ ಉತ್ತರ ತಿಳಿಯದಿದ್ದರೆ ನಾಚಬೇಡಿ, ಜೊತೆಯಲ್ಲಿ ಕುಳಿತು ಹುಡುಕಿ. ಮಗುವಿನ ಉತ್ತರ ತಪ್ಪಾದರೆ ಒಡನೆಯೇ ತಿದ್ದಬೇಡಿ, ಅದು ಹಾಗೇಕೆ ಎಣಿಸಿತೆಂಬುದನ್ನು ಮೊದಲು ಕೇಳಿ.

ಮುಂದಿನ ವರ್ಷದ ಚೌತಿಗೂ ಕಡುಬು ಬೆಂದಿತು. ಮಗಳು ಒಲೆ ಆರಿಸಿ, ಸ್ವಲ್ಪ ಕಾದು, ದಪ್ಪ ಬಟ್ಟೆ ಹಿಡಿದು, ಮುಚ್ಚಳವನ್ನು ತನ್ನಿಂದಾಚೆಗೆ ಓರೆಮಾಡಿ ಎತ್ತಿದಳು. ಹಬೆ ಗೋಡೆಯ ಕಡೆಗೆ ಹೋಯಿತು. ಪಕ್ಕದಲ್ಲಿದ್ದ ತಮ್ಮ ಬಾಗಿ ನೋಡಲು ಬಂದಾಗ ಅವನನ್ನು ಹಿಂದಕ್ಕೆ ಸರಿಸಿ, 'ಕಾಣುವ ಹಬೆಗಿಂತ ಕಾಣದ ಹಬೆ ಜಾಸ್ತಿ ಸುಡುತ್ತದೆ, ಗೊತ್ತೇನು?' ಎಂದಳು. ಆ ಮಾತಿಗೆ ಯಾರೂ ಅಂಕ ಕೊಡಲಿಲ್ಲ. ನನಗಂತೂ ಆ ವರ್ಷದ ಪರೀಕ್ಷೆ ಅಲ್ಲಿಗೇ ಮುಗಿದಿತ್ತು.